ಬಳ್ಳಾರಿಯಲ್ಲಿ ಅಂಗಡಿ ಮಳಿಗೆ ಕೊಳ್ಳಬೇಕು, ಯಾವ ಏರಿಯಾ ಒಳ್ಳೇದು?

ಪ್ರಶ್ನೆ: ನಾನು ಗಂಗಾವತಿಯವನು, ಈಚೆಗೆ ನೌಕರಿಯಿಂದ ನಿವೃತ್ತನಾಗಿದ್ದೇನೆ. ನಿವೃತ್ತಿ ಹಣ ಮತ್ತು ಊರಲ್ಲಿ ಮಾರಿದ ಸೈಟಿನ ಹಣ ಸೇರಿ ಸುಮಾರು 70 ಲಕ್ಷ ಕೈಯಲ್ಲಿದೆ. ಮಗ ತೋರಣಗಲ್ಲಿನಲ್ಲಿ ಕೆಲಸ ಮಾಡುತ್ತಾನೆ, ಬಳ್ಳಾರಿಯಲ್ಲಿ ಮನೆ ಮಾಡಿದ್ದಾನೆ. ಅಲ್ಲೇ ಬಾಡಿಗೆ ಬರುವಂಥದ್ದು ಏನಾದರೂ ಕೊಳ್ಳೋಣ ಅಂತ ಇದ್ದೇವೆ. ಬ್ರೋಕರ್ ಮೂರು ತೋರಿಸಿದ್ದಾರೆ. ಬೆಂಗಳೂರು ರಸ್ತೆ ಕಡೆ ಹೊಸ ಕಾಂಪ್ಲೆಕ್ಸಿನಲ್ಲಿ ಮೊದಲ ಮಹಡಿಯ ಮಳಿಗೆ. ಹೊಸಪೇಟೆ ರಸ್ತೆ ಕಡೆ ಹೊಸ ಲೇಔಟಿನಲ್ಲಿ ‘ಕಮರ್ಷಿಯಲ್’ ಸೈಟು. ಪಾರ್ವತಿ ನಗರದ ಕಡೆ ಕ್ಲಿನಿಕ್‌ಗಳ ಮಧ್ಯೆ ಒಂದು ಹಳೇ ಮನೆ. ಮೂರೂ ಕಡೆ ‘ಸರ್, ಈ ಏರಿಯಾ ಬೆಳೆಯುತ್ತೆ’ ಅಂತಲೇ ಹೇಳುತ್ತಾರೆ. ಬೆಳೆಯುವ ಏರಿಯಾ ಯಾವುದು ಅಂತ ಗುರುತಿಸುವುದು ಹೇಗೆ?

ಉತ್ತರ: ಮೊದಲು ಬಜೆಟ್ ಸರಿಮಾಡಿಕೊಳ್ಳೋಣ. ಕೈಯಲ್ಲಿ 70 ಲಕ್ಷ ಇದ್ದರೆ ನೀವು ನೋಡಬೇಕಾದದ್ದು 65 ಲಕ್ಷದೊಳಗಿನ ಆಸ್ತಿ. ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ನಗರದೊಳಗೆ ಎಲ್ಲ ಸೇರಿ ಶೇ 7.6. ಅಂದರೆ 65 ಲಕ್ಷದ ಆಸ್ತಿಗೆ ಹತ್ತಿರ ಹತ್ತಿರ 5 ಲಕ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಹೋಗುತ್ತದೆ. ಬ್ರೋಕರ್ ಕಮಿಷನ್, ವಕೀಲರ ಫೀಸು ಬೇರೆ. ಹಳೇ ಮನೆಯಾದರೆ ರಿಪೇರಿ ಖರ್ಚು ಇನ್ನೂ ಬೇರೆ. ಹಾಗಾಗಿ 70 ಲಕ್ಷ ಹೇಳುತ್ತಿರುವ ಆಸ್ತಿಯನ್ನು ಈಗಲೇ ಪಟ್ಟಿಯಿಂದ ತೆಗೆದುಬಿಡಿ.

ಇನ್ನು ನಿಮ್ಮ ಪ್ರಶ್ನೆ. ‘ಬೆಳೆಯುವ ಏರಿಯಾ’ ಅಂತ ಬ್ರೋಕರ್ ಹೇಳುವುದು ಸೈಟಿನ ದರ ಏರುವ ಏರಿಯಾ. ನಿಮಗೆ ಬೇಕಾಗಿರುವುದು ತಿಂಗಳ ಬಾಡಿಗೆ. ಇವೆರಡೂ ಒಂದೇ ಕಡೆ ಸಿಗುವುದು ಕಡಿಮೆ. ನಾನಾದರೆ ಪ್ರತಿ ರಸ್ತೆಯಲ್ಲೂ ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ಅಂಗಡಿ ಇಟ್ಟವರ ಗಲ್ಲಾಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಅದು ನಿಂತರೆ ಬಾಡಿಗೆಯೂ ನಿಲ್ಲುತ್ತದೆ.

ಬಳ್ಳಾರಿಯಲ್ಲಿ ಈ ಪ್ರಶ್ನೆ ಬೇರೆ ಊರಿಗಿಂತ ಜಾಸ್ತಿ ಮುಖ್ಯ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ನಿಮಗೂ ನೆನಪಿರುತ್ತದೆ. ಲಾರಿ ಕೊಂಡವರು, ಸ್ಟಾಕ್‌ಯಾರ್ಡಿಗೆ ಹೊಲ ಕೊಟ್ಟವರು, ಟೈರಿನ ಅಂಗಡಿ ತೆಗೆದವರು ಎಲ್ಲರ ಕೈಯಲ್ಲೂ ಹಣ ಓಡಾಡಿತು. ಆ ಹಣ ಸೈಟುಗಳ ಮೇಲೆ ಕೂತಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ‘ಎ’ ವರ್ಗದ, ಅಂದರೆ ಅಕ್ರಮ ಇಲ್ಲದ ಅಥವಾ ತೀರಾ ಕಡಿಮೆ ಇದ್ದ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತು. ಆಮೇಲೆ ವರ್ಷಕ್ಕೆ ಇಷ್ಟೇ ಟನ್ ಅದಿರು ಅಂತ ಮಿತಿ ಬಂತು. ಜಿಲ್ಲೆಗೆ 2013ರಲ್ಲಿ 2.5 ಕೋಟಿ ಟನ್, 2017ರಲ್ಲಿ 2.8 ಕೋಟಿ, 2022ರಲ್ಲಿ 3.5 ಕೋಟಿ. ಅಂದರೆ ಈ ಊರಿನ ಒಂದು ದೊಡ್ಡ ಆದಾಯದ ನಲ್ಲಿ ದೆಹಲಿಯ ಕೋರ್ಟಿನಲ್ಲಿದೆ. ಗಣಿ ನಿಂತಾಗ ಲಾರಿಯನ್ನು ನೆಚ್ಚಿದ್ದ ಅಂಗಡಿಗಳು ಬಾಗಿಲು ಹಾಕಿದವು. ಔಷಧಿ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಸ್ಟೇಷನರಿ, ಟಿಫಿನ್ ಸೆಂಟರ್ ನಡೆದವು. ಸೈಟು ದುಬಾರಿಯಾದಾಗ ಕೊಂಡು ಕೂತವರು ಎಷ್ಟೋ ವರ್ಷ ಕೊಂಡ ದರಕ್ಕೇ ಕಾಯಬೇಕಾಯಿತು.

ಇನ್ನೊಂದು ವಿಷಯ, ‘ಬರುತ್ತೆ’ ಎಂಬ ಯೋಜನೆಗಳು. ಏರ್‌ಪೋರ್ಟ್ ಬರುತ್ತೆ, ಕಾರ್ಖಾನೆ ಬರುತ್ತೆ, ಜೀನ್ಸ್ ಪಾರ್ಕ್ ಬರುತ್ತೆ. ಚಾಗನೂರು–ಸಿರಿವಾರದಲ್ಲಿ ವಿಮಾನ ನಿಲ್ದಾಣಕ್ಕೆ ಸುಮಾರು 900 ಎಕರೆ ತೆಗೆದುಕೊಂಡು ಒಂದು ದಶಕಕ್ಕಿಂತ ಜಾಸ್ತಿಯಾಯಿತು. ಕುಡತಿನಿ ಸುತ್ತ ಉಕ್ಕಿನ ಕಾರ್ಖಾನೆಗಳಿಗೆ ಅಂತ 2010ರ ಹೊತ್ತಿಗೆ ಸಾವಿರಾರು ಎಕರೆ ಹೋಯಿತು. ಕಾರ್ಖಾನೆ ಏಳಲಿಲ್ಲ, ಭೂಮಿ ಕೊಟ್ಟ ರೈತರು ಧರಣಿ ಕೂತರು. ನಿಮ್ಮ ಗಂಗಾವತಿ ಮೇಲೇ ಹಾದುಹೋಗುವ ರೈಲು ಮಾರ್ಗವನ್ನೇ ನೋಡಿ. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ, ಸಿಂಧನೂರಿಗೆ ರೈಲು ಮುಟ್ಟಿದ್ದು 2024ರಲ್ಲಿ. ಬ್ರೋಕರ್ ತೋರಿಸುವ ಪೇಪರ್ ಕಟಿಂಗ್ ಸುಳ್ಳಿರಲಿಕ್ಕಿಲ್ಲ. ಆದರೆ ನಿವೃತ್ತರ ದುಡ್ಡಿಗೆ ಅಷ್ಟು ಕಾಲ ಕಾಯುವ ಶಕ್ತಿ ಇಲ್ಲ, ಅಲ್ವಾ? ಟೆಂಡರ್ ಆಗಿ, ನೆಲ ಅಗೆದು, ಕಂಬ ಎದ್ದ ಯೋಜನೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

2021ರಲ್ಲಿ ವಿಜಯನಗರ ಜಿಲ್ಲೆ ಆದದ್ದನ್ನೂ ಜನ ಈ ಲೆಕ್ಕದಲ್ಲಿ ಮರೆಯುತ್ತಾರೆ. ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ ಹೋದವು. ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. ಡಿಸಿ ಕಚೇರಿ ಕೆಲಸಕ್ಕೆ ಬಂದು ಊಟ ಮಾಡಿ, ಜೆರಾಕ್ಸ್ ಮಾಡಿಸಿ, ಬಟ್ಟೆ ಕೊಂಡು ಹೋಗುತ್ತಿದ್ದ ಆರು ತಾಲ್ಲೂಕಿನ ಜನ ಈಗ ಹೊಸಪೇಟೆಯಲ್ಲಿ ಇಳಿಯುತ್ತಾರೆ. ಸರ್ಕಾರಿ ಕಚೇರಿ ನೆಚ್ಚಿದ ಮಳಿಗೆ ಯಾರಾದರೂ ತೋರಿಸಿದರೆ ಹಳೇ ಬಾಡಿಗೆ ಕೇಳಬೇಡಿ, ಈಗಿನದು ಎಷ್ಟು ಅಂತ ಕೇಳಿ.

ಹಾಗಾದರೆ ನಿಲ್ಲದ ದುಡ್ಡು ಯಾವುದು? ನನ್ನ ಪ್ರಕಾರ ಮೊದಲನೆಯದು ಆಸ್ಪತ್ರೆ. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು 1961ರಿಂದ ಇಲ್ಲಿದೆ. ಜಿಲ್ಲೆಯನ್ನು ಎರಡು ಮಾಡಿದರೂ ರೋಗಿಗಳು ಎರಡಾಗಲಿಲ್ಲ. ಕೊಪ್ಪಳ, ರಾಯಚೂರು ಕಡೆಯಿಂದಲೂ ಬರುತ್ತಾರೆ, ಗುಂತಕಲ್, ಆಲೂರು, ರಾಯದುರ್ಗ ಕಡೆಯಿಂದಲೂ ಬರುತ್ತಾರೆ. ಒಬ್ಬ ರೋಗಿಯ ಹಿಂದೆ ಮನೆಯವರು ಇಬ್ಬರಾದರೂ ಇರುತ್ತಾರೆ. ಅವರಿಗೆ ಮಾತ್ರೆ, ಸ್ಕ್ಯಾನಿಂಗ್, ಎಳನೀರು, ಇಡ್ಲಿ, ಚಾಪೆ ಎಲ್ಲ ಬೇಕು. ಖಾಸಗಿ ಕ್ಲಿನಿಕ್‌ಗಳು ಗಾಂಧಿನಗರ, ಪಾರ್ವತಿ ನಗರದ ಕಡೆ ಕೂಡಿಕೊಂಡಿವೆ. ವೈದ್ಯರು ಒಂದು ಕಡೆ ಬೋರ್ಡು ಹಾಕಿ ಹೆಸರು ಮಾಡಿದರೆ ಸುಲಭಕ್ಕೆ ಜಾಗ ಬದಲಿಸುವುದಿಲ್ಲ. ಇದಕ್ಕಿಂತ ಒಳ್ಳೇ ಬಾಡಿಗೆದಾರ ಸಿಗುವುದು ಕಷ್ಟ.

ಎರಡನೆಯದು ರೈತರ ದುಡ್ಡು. ಸಿರುಗುಪ್ಪ ರಸ್ತೆಯಲ್ಲಿ ಟ್ರಾಕ್ಟರ್, ಪಂಪ್‌ಸೆಟ್, ಬೀಜ, ಔಷಧದ ವ್ಯಾಪಾರ ಇರುವುದು ತುಂಗಭದ್ರಾ ಕಾಲುವೆ ನೀರಿನಿಂದ. ಭತ್ತ, ಮೆಣಸಿನಕಾಯಿ, ಹತ್ತಿ. ಇದು ಗಟ್ಟಿ ದುಡ್ಡು, ಆದರೆ ವರ್ಷಕ್ಕೊಮ್ಮೆ, ಎರಡು ಸಲ ಬರುವ ದುಡ್ಡು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯಲ್ಲಿ ಕೂತ ನಿಮಗೆ ಎಷ್ಟು ಎದೆ ನಡುಗಿತೋ ಈ ರಸ್ತೆಯ ವ್ಯಾಪಾರಿಗಳಿಗೂ ಅಷ್ಟೇ. ಎರಡನೇ ಬೆಳೆಗೆ ನೀರಿಲ್ಲ ಅಂದ ವರ್ಷ ಇಲ್ಲಿ ಬಾಡಿಗೆ ತಡವಾಗುತ್ತದೆ. ತಡವಾಗುತ್ತದೆ, ಮುಳುಗುವುದಿಲ್ಲ. ಇನ್ನೊಂದು ಮಾತು, ನಿಮ್ಮ ಮನೆ ನಡೆಯುವುದೂ ಗಂಗಾವತಿಯ ಭತ್ತದ ಮೇಲೇ ಆಗಿದ್ದರೆ ಬಾಡಿಗೆಯನ್ನೂ ಅದೇ ಕಾಲುವೆಗೆ ಕಟ್ಟಿಹಾಕುವುದು ಬೇಡ.

ಹೊಸಪೇಟೆ ರಸ್ತೆಯದು ಉಕ್ಕಿನ ದುಡ್ಡು. ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿಗೆ ಇಲ್ಲಿಂದ 30 ಕಿಲೋಮೀಟರ್ ಆಸುಪಾಸು. ದುಡಿಯುವವರು ಸಾವಿರಾರು ಮಂದಿ ಎನ್ನುವುದು ನಿಜ. ಆದರೆ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲೇ ಅಂಗಡಿ, ಶಾಲೆ, ಆಸ್ಪತ್ರೆ ಇವೆ. ಇನ್ನು ಕೆಲವರು ಹೊಸಪೇಟೆ ಕಡೆ ತಿರುಗುತ್ತಾರೆ. ಉಳಿದವರು ಬಳ್ಳಾರಿಗೆ ಬಂದರೂ ಊರ ಹೊರಗಿನ ಲೇಔಟಿನಲ್ಲಿ ಗಾಡಿ ನಿಲ್ಲಿಸುವುದಿಲ್ಲ, ಒಳಗಿನ ಪೇಟೆಗೆ ಹೋಗುತ್ತಾರೆ. ನಿಮ್ಮ ಮಗನನ್ನೇ ಕೇಳಿ ನೋಡಿ: ಕಳೆದ ತಿಂಗಳು ಆ ರಸ್ತೆಯಲ್ಲಿ ಎಲ್ಲಿ ಇಳಿದು ಏನು ಕೊಂಡೆ ಅಂತ. ಹೆದ್ದಾರಿಯಲ್ಲಿ ಗಾಡಿ ಜಾಸ್ತಿ ಓಡಿದರೆ ವ್ಯಾಪಾರ ಜಾಸ್ತಿ ಎಂಬುದು ತಪ್ಪು ಲೆಕ್ಕ. ನಿಲ್ಲುವ ಗಾಡಿ ಎಷ್ಟು ಎಂಬುದು ಮುಖ್ಯ. ರಸ್ತೆ ಅಗಲವಾಗಿ ಮಧ್ಯೆ ಡಿವೈಡರ್ ಬಂದ ಮೇಲೆ ಆ ಕಡೆಯ ಗಿರಾಕಿ ಈ ಕಡೆ ಬರುವುದೂ ನಿಂತುಹೋಗುತ್ತದೆ.

ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ ಹಳೇ ಪೇಟೆ. ವ್ಯಾಪಾರದ ಬಗ್ಗೆ ಅನುಮಾನವೇ ಇಲ್ಲ, ಪಾರ್ಕಿಂಗಿಗೆ ಜಾಗವೂ ಇಲ್ಲ. ನೆಲಮಹಡಿಯ ಮಳಿಗೆ ನಿಮ್ಮ ಬಜೆಟ್ಟಿಗೆ ಸಿಗುವುದಿಲ್ಲ, ಸಿಕ್ಕರೆ ಕಾಗದದಲ್ಲಿ ಏನೋ ತೊಡಕಿದೆ ಅಂತಲೇ ತಿಳಿಯಿರಿ. ಕೌಲ್ ಬಜಾರಿನ ಜೀನ್ಸ್ ಹೊಲಿಗೆ, ಮುಂಡರಗಿಯ ಗೋದಾಮುಗಳು ಆ ವ್ಯಾಪಾರ ಒಳಗಿನಿಂದ ಗೊತ್ತಿದ್ದವರಿಗೆ. ನಿಮಗೆ ಬೇಡ.

ಏರಿಯಾವನ್ನು ಕಣ್ಣಾರೆ ಅಳೆಯುವುದು ಹೀಗೆ. ಬ್ರೋಕರನ್ನು ಬಿಟ್ಟು ಹೋಗಿ. ವಾರದ ದಿನ ಬೆಳಿಗ್ಗೆ 11ಕ್ಕೆ ಒಮ್ಮೆ, ಸಂಜೆ 7ಕ್ಕೆ ಒಮ್ಮೆ, ಭಾನುವಾರ ಒಮ್ಮೆ. ನಿಮ್ಮ ಮಳಿಗೆಯ ಎರಡೂ ಕಡೆ ನೂರು ಹೆಜ್ಜೆ ನಡೆದು ಇಳಿಸಿದ ಶಟರ್ ಎಷ್ಟು ಎಣಿಸಿ. ‘ಟು ಲೆಟ್’ ಬೋರ್ಡು ಮಾಸಿದ್ದರೆ ಅದು ಎಷ್ಟು ತಿಂಗಳಿನಿಂದ ನೇತಾಡುತ್ತಿದೆ ಎಂದು ಪಕ್ಕದವರು ಹೇಳುತ್ತಾರೆ. ಒಗ್ಗರಣೆ–ಮಿರ್ಚಿ ಬಂಡಿ, ಟೀ ಅಂಗಡಿ, ಹಣ್ಣಿನ ಗಾಡಿ ಎಲ್ಲಿ ನಿಂತಿವೆ ನೋಡಿ. ಅವರಿಗೆ ಅಡ್ವಾನ್ಸಿಲ್ಲ, ಅಗ್ರಿಮೆಂಟಿಲ್ಲ. ಜನ ನಿಲ್ಲದ ಕಡೆ ಎರಡು ದಿನವೂ ಇರುವುದಿಲ್ಲ. ಬಂಡಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತಿದೆ ಅಂದರೆ ಆ ಮೂಲೆಗೆ ಅದಕ್ಕಿಂತ ಒಳ್ಳೇ ಸರ್ಟಿಫಿಕೇಟ್ ಇಲ್ಲ. ಇನ್ನು ಮಾಲೀಕರು ‘ಒಂದು ದಿನವೂ ಖಾಲಿ ಇಲ್ಲ’ ಅಂದರೆ ಜೆಸ್ಕಾಂನ ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್ ಕೇಳಿ. ಬರೀ ನಿಗದಿತ ಶುಲ್ಕದ ಬಿಲ್ ಬಂದ ತಿಂಗಳು ಮಳಿಗೆ ಖಾಲಿ ಇತ್ತು ಅಂತಲೇ ಅರ್ಥ.

ಆಮೇಲೆ ಬಾಡಿಗೆ ಲೆಕ್ಕ. ಲೆಕ್ಕಕ್ಕೆ 25 ಸಾವಿರ ಬಾಡಿಗೆ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 3 ಲಕ್ಷ. ಒಂದು ತಿಂಗಳು ಖಾಲಿ, ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿ ಕಳೆದರೆ ಕೈಗೆ 2.5 ಲಕ್ಷ. ನೀವು ಹಾಕಿದ್ದು 70. ಅಂದರೆ ಶೇ 3.6 ಸಹ ಇಲ್ಲ. ಬ್ಯಾಂಕಿನ ಠೇವಣಿ ಇದಕ್ಕಿಂತ ಜಾಸ್ತಿ ಕೊಡುತ್ತದೆ, ಶಟರ್ ರಿಪೇರಿ ಮಾಡಿಸು ಅಂತ ಫೋನೂ ಬರುವುದಿಲ್ಲ. ಆದಾಯ ತೆರಿಗೆ ಲೆಕ್ಕ ಹಾಕುವಾಗ ಬಾಡಿಗೆಯಲ್ಲಿ ಶೇ 30ರ ಕಡಿತ ಸಿಗುತ್ತದೆ, ಬಾಡಿಗೆ ಕಾಲಕಾಲಕ್ಕೆ ಏರುತ್ತದೆ, ಜಾಗದ ಬೆಲೆಯೂ ಏರಬಹುದು. ಅಷ್ಟಕ್ಕಾಗಿ ಮಳಿಗೆ. ಹಾಗಾಗಿ ಖರ್ಚು ಕಳೆದು ಶೇ 5ರ ಹತ್ತಿರ ಬಾರದ ಆಸ್ತಿಯನ್ನು ನಾನು ನಿವೃತ್ತರಿಗೆ ಹೇಳುವುದಿಲ್ಲ. ಬಿಲ್ಡರ್ ‘ಎರಡು ವರ್ಷ ಗ್ಯಾರಂಟಿ ಬಾಡಿಗೆ’ ಅಂದರೆ ನಗಬೇಡಿ, ಸುಮ್ನೆ ಎದ್ದು ಬನ್ನಿ. ಅದು ನೀವು ಕೊಟ್ಟ ಬೆಲೆಯಲ್ಲೇ ಸೇರಿಸಿಟ್ಟ ದುಡ್ಡು.

ಈಗ ನಿಮ್ಮ ಮೂರು ಆಯ್ಕೆ.

ಮೊದಲ ಮಹಡಿಯ ಮಳಿಗೆ ಬೇಡ. ಬಳ್ಳಾರಿಯ ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬರುವ ಗಿರಾಕಿ ಟ್ಯೂಷನ್ನಿಗೆ, ಬ್ಯೂಟಿ ಪಾರ್ಲರಿಗೆ, ಆಡಿಟರ್ ಹತ್ತಿರ ಮಾತ್ರ ಬರುತ್ತಾನೆ. ಅವರೆಲ್ಲ ಕೊಡುವ ಬಾಡಿಗೆ ಕೆಳಗಿನ ಮಹಡಿಯದರ ಹತ್ತಿರಕ್ಕೂ ಬರುವುದಿಲ್ಲ, ಬೆಲೆಯಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಕಾಣಿಸುವುದಿಲ್ಲ. ಆದರೂ ಮನಸ್ಸಾದರೆ ಮೂರು ಕಾಗದ ಕೇಳಿ: ಜಾಗದಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಒಸಿ (ಕಟ್ಟಡ ಬಳಸಬಹುದು ಎಂಬ ಸ್ವಾಧೀನ ಪತ್ರ). 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಜಾಸ್ತಿ ಮಳಿಗೆ ಇರುವ ಹೊಸ ಯೋಜನೆಗೆ ರೇರಾ ಬೇಕೇ ಬೇಕು. ಒಸಿ ವಿಷಯವಂತೂ 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಬಿಗಿಯಾಗಿದೆ. ಅದಿಲ್ಲದೆ ಹೊಸ ಕಟ್ಟಡಕ್ಕೆ ಕರೆಂಟ್, ನೀರಿನ ಸಂಪರ್ಕ ಸಿಗುವುದು ಕಷ್ಟ. ಕರೆಂಟಿಲ್ಲದ ಮಳಿಗೆಯನ್ನು ಯಾರು ಬಾಡಿಗೆಗೆ ಹಿಡಿಯುತ್ತಾರೆ?

ಲೇಔಟಿನ ಸೈಟಿನಲ್ಲಿ ಬಾಡಿಗೆ ಬರಬೇಕಾದರೆ ಮೊದಲು ನೀವು ಕಟ್ಟಬೇಕು, ಆಮೇಲೆ ಸುತ್ತ ಮನೆಗಳು ಏಳಬೇಕು. ನಿಮ್ಮ ಹಣ ಬರೀ ಜಾಗಕ್ಕೇ ಮುಗಿಯುತ್ತದೆ. ಇನ್ನು ‘ಎನ್‌ಎ ಆಗಿದೆ ಸರ್’ ಎಂಬ ಮಾತು. ಅದು ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಭೂಪರಿವರ್ತನೆ. ಭೂಪರಿವರ್ತನೆ ಬೇರೆ, ಲೇಔಟ್ ಅನುಮೋದನೆ ಬೇರೆ. ಪರಿವರ್ತನೆ ಆದೇಶದಲ್ಲಿ ವಸತಿಗೋ ವಾಣಿಜ್ಯಕ್ಕೋ ಎಂದು ಬರೆದಿರುತ್ತದೆ. ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆಯಲ್ಲಿ ಯಾವ ಸೈಟು ವಾಣಿಜ್ಯ ಎಂದೂ ಗುರುತಾಗಿರುತ್ತದೆ. ಮೇನ್ ರೋಡಿಗೆ ಮುಖ ಇದ್ದ ಮಾತ್ರಕ್ಕೆ ಸೈಟು ಕಮರ್ಷಿಯಲ್ ಆಗುವುದಿಲ್ಲ. ಹೆದ್ದಾರಿ ಪಕ್ಕ ಊರ ಹೊರಗಿನ ಜಾಗವಾದರೆ ರಸ್ತೆ ಮಧ್ಯದಿಂದ 40 ಮೀಟರ್‌ವರೆಗೆ ಕಟ್ಟುವಂತಿಲ್ಲ, ಹೆದ್ದಾರಿಗೆ ದಾರಿ ತೆಗೆಯಲು ಅನುಮತಿ ಬೇರೆ ಬೇಕು. ಮೂಲ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ವಕೀಲರಿಂದ ತಪ್ಪದೆ ನೋಡಿಸಿ. ಅಂಥ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದ ಮೇಲೆ ಅಂಥ ಜಮೀನನ್ನು ವಾಪಸ್ ಕೇಳಲು ಕಾಲಮಿತಿ ಇಲ್ಲ. ಬಿ ಖಾತಾ ತೋರಿಸಿದರೆ ಅದು ತೆರಿಗೆ ಕಟ್ಟಿಸಿಕೊಳ್ಳಲು ಕೊಟ್ಟ ಕಾಗದ, ಲೇಔಟ್ ಸಕ್ರಮ ಆಯಿತು ಅಂತಲ್ಲ. ಅಂದಹಾಗೆ ನೀವು ಗುಂಟೆ ಲೆಕ್ಕದವರು, ಬಳ್ಳಾರಿಯ ಹಳೇ ಕಾಗದಗಳು ಸೆಂಟ್ ಲೆಕ್ಕದಲ್ಲಿ ಇರುತ್ತವೆ. ಗುಂಟೆಗೆ 1,089 ಚದರ ಅಡಿ, ಸೆಂಟಿಗೆ 435.6 ಮಾತ್ರ. ಮಾತುಕತೆಯಲ್ಲಿ ಇದು ಕಲಸಿಹೋಗದ ಹಾಗೆ ಎಲ್ಲವನ್ನೂ ಚದರ ಅಡಿಯಲ್ಲೇ ಬರೆಸಿ.

ನಾನು ಮುಂದುವರಿಯುವುದಾದರೆ ಹಳೇ ಮನೆಯ ಕಡೆಗೆ. ಕಾರಣ, ಅಲ್ಲಿ ಬಾಡಿಗೆದಾರರು ಆಗಲೇ ಇದ್ದಾರೆ. ನೀವು ಅವರಿಗೆ ಜಾಗ ಕೊಟ್ಟರೆ ಸಾಕು. ಔಷಧಿ ಅಂಗಡಿಯ ಲೈಸೆನ್ಸಿಗೆ ಕನಿಷ್ಠ 10 ಚದರ ಮೀಟರ್ ಸಾಕು, ಅಂದರೆ ಸುಮಾರು 108 ಚದರ ಅಡಿ. ಮುಂದಿನ ಪಡಸಾಲೆಯಲ್ಲೇ ಒಂದು ಔಷಧಿ ಅಂಗಡಿ ಆಗುತ್ತದೆ, ಒಳಗಿನ ಕೋಣೆಗಳಲ್ಲಿ ಲ್ಯಾಬ್ ಅಥವಾ ದಂತ ವೈದ್ಯರು. ಒಬ್ಬರು ಬಿಟ್ಟರೂ ಇನ್ನೊಬ್ಬರ ಬಾಡಿಗೆ ಬರುತ್ತಿರುತ್ತದೆ. ಒಂದೇ ದೊಡ್ಡ ಬಾಡಿಗೆದಾರನಿಗಿಂತ ಇದು ವಾಸಿ.

ಆದರೆ ನಾಲ್ಕು ವಿಷಯ ಇತ್ಯರ್ಥವಾಗದೆ ಅಡ್ವಾನ್ಸ್ ಕೊಡಬೇಡಿ. ಬುಡಾ ಮಾಸ್ಟರ್ ಪ್ಲಾನಿನಲ್ಲಿ ಆ ಜಾಗ ವಸತಿ ವಲಯದಲ್ಲಿದ್ದರೆ ಅಲ್ಲಿ ಅಂಗಡಿ, ಲ್ಯಾಬಿಗೆ ಅವಕಾಶ ಇದೆಯೇ, ಭೂ ಬಳಕೆ ಬದಲಾಯಿಸಬೇಕೇ ಎಂದು ಬುಡಾದಲ್ಲಿ ಲಿಖಿತವಾಗಿ ಕೇಳಿ. ಪಕ್ಕದವರು ನಡೆಸುತ್ತಿದ್ದಾರೆ ಎಂಬುದು ಉತ್ತರ ಅಲ್ಲ. ಅದೇ ಪ್ಲಾನಿನಲ್ಲಿ ಆ ರಸ್ತೆ ಎಷ್ಟು ಅಗಲ ಆಗಬೇಕು ಎಂದಿದೆ ನೋಡಿ. ಅಗಲೀಕರಣದ ಗೆರೆ ಪಡಸಾಲೆ ಮೇಲೆ ಹಾದಿದ್ದರೆ ನೀವು ಕೊಳ್ಳುತ್ತಿರುವುದು ಹಿಂದಿನ ಅರ್ಧ ಮನೆ ಮಾತ್ರ. ಮೂರನೆಯದು ಸ್ಕೂಟರ್ ನಿಲ್ಲಿಸುವ ಜಾಗ. ರೋಗಿಯನ್ನು ಆಟೋದಲ್ಲಿ ಬಾಗಿಲವರೆಗೆ ತರಲು ಆಗಬೇಕು. ನಾಲ್ಕನೆಯದು ವಾರಸುದಾರರು, ಹಳೇ ಮನೆಗಳ ದೊಡ್ಡ ತಲೆನೋವು ಇದೇ. ವಂಶವೃಕ್ಷ ತೆಗೆಸಿ. ಮದುವೆಯಾಗಿ ಅನಂತಪುರಕ್ಕೋ ಹೈದರಾಬಾದಿಗೋ ಹೋದ ಹೆಣ್ಣುಮಕ್ಕಳ ಪಾಲೂ ಇರುತ್ತದೆ, ಅವರ ಸಹಿಯೂ ಬೇಕು. ‘ಅಕ್ಕ ಏನೂ ಅನ್ನಲ್ಲ ಬಿಡಿ’ ಎಂಬ ಭರವಸೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಋಣಭಾರ ಪತ್ರವನ್ನು ಮೂವತ್ತು ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರಿಂದ ಈಚಿನದು, ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದಲೇ ಪಡೆಯಬೇಕು. ಪಾಲಿಕೆಯ ಇ–ಖಾತಾದಲ್ಲಿ ಮಾರುವವರ ಹೆಸರು, ಅಳತೆ, ಚಕ್ಕುಬಂದಿ ಎಲ್ಲ ಹೊಂದಬೇಕು.

ಬಾಡಿಗೆಗೆ ಕೊಡುವಾಗ ಒಂದು ಸಂಗತಿ ತಿಳಿದಿರಲಿ. 2024ರ ಅಕ್ಟೋಬರ್ 10ರಿಂದ, ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ ನೋಂದಣಿ ಇರುವ ಬಾಡಿಗೆದಾರ ವಾಣಿಜ್ಯ ಬಾಡಿಗೆಯ ಮೇಲೆ ಶೇ 18 ತಾನೇ ಕಟ್ಟಬೇಕು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿ ಇರುವವರಿಗೆ ವಿನಾಯಿತಿ ಇದೆ. ‘ನಿಮ್ಮಿಂದ ನನಗೆ ಖರ್ಚು ಬಂತು, ಬಾಡಿಗೆ ಇಳಿಸಿ’ ಎಂದು ಔಷಧಿ ಅಂಗಡಿಯವರು ಕೇಳಿದರೆ ಅವಸರಪಡಬೇಡಿ. ಸಾಮಾನ್ಯ ನೋಂದಣಿ ಇದ್ದರೆ ಅವರು ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು.

ಮಾಲೀಕರು ಅಡ್ವಾನ್ಸಿಗೆ ಒತ್ತಾಯ ಮಾಡುತ್ತಿದ್ದರೆ ಸಣ್ಣ ಮೊತ್ತವನ್ನು ಚೆಕ್ಕಿನಲ್ಲೇ ಕೊಡಿ, ನಗದು ಬೇಡ. ಕರಾರು ಪತ್ರದಲ್ಲಿ ಎರಡು ಷರತ್ತು ಸೇರಿಸಿ: ಎಲ್ಲ ವಾರಸುದಾರರೂ ನೋಂದಣಿ ದಿನ ಬಂದು ಸಹಿ ಹಾಕಬೇಕು, ಬುಡಾದಿಂದ ಬಳಕೆಗೆ ಒಪ್ಪಿಗೆ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಇದಕ್ಕೆ ಅವರು ಒಪ್ಪದಿದ್ದರೆ ಅದೇ ಬೀದಿಯಲ್ಲಿ ಇನ್ನೊಂದು ಮನೆ ಹುಡುಕಿ. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮಾರುವವರ ಆದಾಯ ತೆರಿಗೆಯ ಮುಂಗಡ) ಹಿಡಿದು ನೀವೇ ಕಟ್ಟಬೇಕು. ಅದನ್ನೂ ಮಾತುಕತೆಯ ಮೊದಲ ದಿನವೇ ಮಾರುವವರಿಗೆ ಹೇಳಿಬಿಡಿ, ನೋಂದಣಿ ದಿನ ಜಗಳ ಆಗುವುದು ಸಾಮಾನ್ಯವಾಗಿ ಅಲ್ಲೇ.